ಕಣಗಿನಹಾಳದಿಂದ ಗ್ರಾಮ ಒನ್‌ವರೆಗೆ: ಗದಗ–ಧಾರವಾಡ ಸೀಮೆಯಲ್ಲಿ ನೆರವು ಬೆಳೆದು ಬಂದ ದಾರಿ

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಾಳಲಾರದೆ, ತಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ಮೊರೆಯಿಟ್ಟರು. ಮರುತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಾಯಿತು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಸೊಸೈಟಿ ಇದೆ, ಸ್ತ್ರೀಶಕ್ತಿ ಸಂಘ ಇದೆ, ಮಠ ಇದೆ, ಇಲಾಖೆಗಳಿವೆ, ಹತ್ತಾರು ಯೋಜನೆಗಳಿವೆ. ಇಷ್ಟೆಲ್ಲ ಇದ್ದೂ ಕಷ್ಟ ಬಂದ ಮನೆಯವರು ವಾರದ ಕಂತಿನ ಸಾಲದವರ ಹತ್ತಿರವೇ ಯಾಕೆ ಹೋದರು?

ಉತ್ತರಕ್ಕೆ ಬಹಳ ಹಿಂದಕ್ಕೆ ಹೋಗಬೇಕು. ಸಾಲದ ಉರುಳಿಗೆ ಊರವರೇ ಕೂಡಿಕೊಂಡು ಮದ್ದು ಹುಡುಕಿದ್ದು ಇದೇ ಸೀಮೆಯಲ್ಲಿ.

ಈ ಭಾಗದ ಎರೆಹೊಲಕ್ಕೆ ಹತ್ತಿಯೇ ಐಶ್ವರ್ಯ, ಹತ್ತಿಯೇ ಸಂಕಟ. 1860ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ಧಾರವಾಡ, ಹುಬ್ಬಳ್ಳಿ, ಗದಗದ ಹತ್ತಿಗೆ ಕಂಡರಿಯದ ದರ ಬಂತು. ಆ ದರ ನಂಬಿ ರೈತರು ಸಾಲ ಮಾಡಿದರು. 1865ರಲ್ಲಿ ಯುದ್ಧ ಮುಗಿದು ದರ ಬಿತ್ತು, ಸಾಲ ಮಾತ್ರ ಉಳಿಯಿತು. ಹನ್ನೊಂದು ವರ್ಷ ಕಳೆಯುವ ಹೊತ್ತಿಗೆ 1876–78ರ ಭೀಕರ ಬರ ಬಂತು. ಶತಮಾನದ ಕೊನೆಗೆ ಮತ್ತೆರಡು ಬರ. ಇದೇ ಮುಂಬಯಿ ಪ್ರಾಂತ್ಯದ ಪುಣೆ, ಅಹಮದನಗರ ಕಡೆ 1875ರಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟಿದ್ದರು. ಬ್ರಿಟಿಷ್ ಸರ್ಕಾರ 1883 ಮತ್ತು 1884ರ ಕಾಯ್ದೆಗಳ ಮೂಲಕ ತಗಾವಿ ಎಂಬ ಸರ್ಕಾರಿ ಕೃಷಿ ಸಾಲ ಕೊಡತೊಡಗಿತು. ಆದರೆ ಕಚೇರಿಯಿಂದ ಕಚೇರಿಗೆ ತಿರುಗಿ ಆ ಸಾಲ ಕೈಗೆ ಬರುವ ಹೊತ್ತಿಗೆ ಬಿತ್ತನೆಯ ಹದ ಮುಗಿದಿರುತ್ತಿತ್ತು. ರೈತನಿಗೆ ಸಾಹುಕಾರನ ಪಡಸಾಲೆಯೇ ಹತ್ತಿರವಾಗಿತ್ತು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಹತ್ತು ಜನ ಸೇರಿದರೆ ಸಂಘ ಕಟ್ಟಬಹುದು ಎಂದಿತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಆರಂಭಿಸಿದರು. ಏಷ್ಯಾದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಮೊದಲನೆಯದು ಎಂಬ ಹೆಮ್ಮೆಯನ್ನು ನಾವು ಸಾಕಷ್ಟು ಹೇಳಿಕೊಂಡಿದ್ದೇವೆ. ಅದು ನಡೆಯುತ್ತಿದ್ದ ಬಗೆಯನ್ನು ಹೇಳುವುದು ಕಡಿಮೆ. ಆಗಿನ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲರ ಹೊಲಮನೆಯೂ ಅದಕ್ಕೆ ಜವಾಬು. ಹೀಗಾಗಿ ಸಾಲ ಕೇಳಲು ಬಂದವನು ಎಂಥವನು, ಎತ್ತಿಗೆ ಕೇಳುತ್ತಿದ್ದಾನೋ ಮದುವೆಗೋ, ಹೋದ ವರ್ಷ ಯಾಕೆ ಕೊಟ್ಟಿಲ್ಲ, ಮಳೆ ಹೋಯಿತೋ ಮನಸ್ಸು ಕೆಟ್ಟಿತೋ ಎಂಬುದೆಲ್ಲ ಸಂಘದಲ್ಲಿ ಕುಳಿತವರಿಗೆ ಗೊತ್ತಿರಲೇಬೇಕಿತ್ತು. ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಓಣಿಯವರು. ಕಷ್ಟದಲ್ಲಿದ್ದವನು ಅಲ್ಲಿ ಕೈಚಾಚಿದ ಬಡವನಲ್ಲ, ಪಾಲುದಾರ. ಈ ನೆಲ ಸಮಾಜಸೇವೆಗೆ ಕೊಟ್ಟ ದೊಡ್ಡ ಕಾಣಿಕೆ ಇದೇ ಎಂಬುದು ನನ್ನ ನಂಬಿಕೆ.

ಕೊರತೆಯೂ ಅಲ್ಲೇ ಇತ್ತು. ಕೃಷಿ ಸಾಲಕ್ಕೆ ಉತಾರ, ಅಂದರೆ ಜಮೀನಿನ ಪಹಣಿ, ಬೇಕು. ಉತಾರದಲ್ಲಿ ಹೆಸರು ಗಂಡಸಿನದು. ಕೂಲಿಯವರು, ಹೊಲವಿಲ್ಲದವರು, ಹೆಣ್ಣುಮಕ್ಕಳು ಸೊಸೈಟಿಯ ಕಟ್ಟೆಯ ಕೆಳಗೇ ಉಳಿದರು. ಇವತ್ತು ರೈತರಿಗೆ 5 ಲಕ್ಷ ರೂಪಾಯಿವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಸೊಸೈಟಿಯಲ್ಲಿ ಸಿಗುತ್ತದೆ. ಹಾವೇರಿಯಲ್ಲಿ ಮೊರೆಯಿಟ್ಟವರಂಥ ಮನೆಗಳಲ್ಲಿ ಎಷ್ಟೋ ಮನೆಗಳಿಗೆ ಅದು ಎಟಕುವುದಿಲ್ಲ, ಯಾಕೆಂದರೆ ತೋರಿಸಲು ಉತಾರವೇ ಇಲ್ಲ.

ಸೊಸೈಟಿಗಿಂತ ಹಳೆಯ ಬಾಗಿಲು ಮಠದ್ದು. ಅಲ್ಲಿ ಯಾವ ಕಾಗದವೂ ಬೇಕಿರಲಿಲ್ಲ, ಈಗಲೂ ಬೇಕಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಹಸಿದು ಬಂದವರಿಗೆ ಹೆಸರು ಕೇಳದೆ ಪ್ರಸಾದ ಬಡಿಸುತ್ತಾರೆ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ಹುಬ್ಬಳ್ಳಿಯ ಮೂರುಸಾವಿರ ಮಠದ ಆಶ್ರಯ ಇಲ್ಲದಿದ್ದರೆ ಹಳ್ಳಿಯ ಎಷ್ಟೋ ಹುಡುಗರು ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿದ್ದು ಬಡ ವಿದ್ಯಾರ್ಥಿಗಳ ಓದಿಗೆ ಹಣ ಹೊಂದಿಸಲು. ಜಾತಿಯ ಗೆರೆ ಇದ್ದೇ ಇತ್ತು, ಅದನ್ನು ಮುಚ್ಚಿಡಬಾರದು. ಆ ಗೆರೆಯ ಆಚೆ ನಿಂತವರಿಗಾಗಿ ಹುಬ್ಬಳ್ಳಿಯಲ್ಲಿ ಸರ್ದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿ ಹರಿಜನ ಬಾಲಿಕಾಶ್ರಮ ನಡೆಸಿದರು, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಮಹಿಳಾ ವಿದ್ಯಾಪೀಠ ಕಟ್ಟಿದರು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕತೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಹುಟ್ಟು ಕುರುಡ. ಆ ಕಾಲಕ್ಕೆ ಅಂಥ ಮಗುವಿಗೆ ಇದ್ದದ್ದು ಭಿಕ್ಷೆಯ ದಾರಿಯೊಂದೇ. ಹಾನಗಲ್ಲ ಕುಮಾರಸ್ವಾಮಿಗಳು ಹುಡುಗನ ಕಂಠ ಕೇಳಿ ಸಂಗೀತ ಕಲಿಸಲು ವ್ಯವಸ್ಥೆ ಮಾಡಿದರು. ಆ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳು. ಕಲಿತದ್ದನ್ನು ಅವರು ತಮ್ಮಂಥ ಮಕ್ಕಳಿಗೇ ಹಂಚಿದರು. ಕಣ್ಣಿಲ್ಲದವರು, ತಂದೆತಾಯಿ ಇಲ್ಲದವರು, ಯಾವ ಜಾತಿಯವರಾದರೂ ಸರಿ, ಊಟ, ವಸತಿ, ವಿದ್ಯೆ ಮೂರೂ ಉಚಿತ. ಖರ್ಚಿಗೆ ನಾಟಕ ಕಂಪನಿ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿ ಬಂದ ಹಣದಲ್ಲಿ ಮಕ್ಕಳ ರೊಟ್ಟಿ. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಅರವತ್ತಾರು ವರ್ಷ ಆಶ್ರಮ ನಡೆಸಿದರು. ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅವರೂ ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಭಕ್ತರು ಊರೂರಿನಲ್ಲಿ ಅವರ ತುಲಾಭಾರ ಮಾಡುತ್ತಿದ್ದರು. ತಕ್ಕಡಿಗೆ ಬಿದ್ದ ನಾಣ್ಯ ಆಶ್ರಮದ ಮಕ್ಕಳ ಊಟಕ್ಕೆ ಹೋಗುತ್ತಿತ್ತು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಜ್ಜಾರು ಲಿಂಗೈಕ್ಯರಾದರು.

ಅಂಗವಿಕಲರ ಹಕ್ಕಿನ ಬಗ್ಗೆ ಕಾಯ್ದೆ ಬಂದದ್ದು 1995ರಲ್ಲಿ, ಮತ್ತೆ ವಿಸ್ತಾರವಾಗಿ 2016ರಲ್ಲಿ. ಗದಗಿನಲ್ಲಿ ಅದಕ್ಕೆ ಎಷ್ಟೋ ದಶಕ ಮೊದಲೇ ಕಣ್ಣಿಲ್ಲದ ಹುಡುಗ ಹಾರ್ಮೋನಿಯಂ, ತಬಲಾ ಕಲಿತು ಸಂಗೀತ ಮಾಸ್ತರನಾಗಿ ಪಗಾರ ತರುತ್ತಿದ್ದ. ಕರುಣೆಯಿಂದ ಶುರುವಾದದ್ದು ದುಡಿಮೆಯಲ್ಲಿ ಮುಗಿಯಬೇಕು ಎಂಬ ತಿಳಿವಳಿಕೆ ಗವಾಯಿಗಳಿಗಿತ್ತು. ಈಗಿನ ಎಷ್ಟೋ ಯೋಜನೆಗಳು ತಿಂಗಳ ಮಾಸಾಶನದಲ್ಲೇ ನಿಂತುಬಿಡುವುದನ್ನು ನೋಡಿದಾಗ ನನಗೆ ಪುಣ್ಯಾಶ್ರಮ ನೆನಪಾಗುತ್ತದೆ.

ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ಶಾಲೆ, ದವಾಖಾನೆಗಳ ಗುರುತು ಇನ್ನೂ ಅಳಿದಿಲ್ಲ. ಬೆಟಗೇರಿಯ ಆಸ್ಪತ್ರೆ ಜನರ ಬಾಯಲ್ಲಿ ಈಗಲೂ ಜರ್ಮನ್ ದವಾಖಾನೆ. ಧಾರವಾಡದಲ್ಲಿ 1845ರಲ್ಲೇ ಮಾನಸಿಕ ರೋಗಿಗಳಿಗೆ ಆಸ್ಪತ್ರೆ ಆಯಿತು. ಅದು ಇಂದಿನ ಡಿಮ್ಹಾನ್ಸ್. ಧಾರವಾಡಕ್ಕೆ ಹೋಗಿ ಬಂದ ಎಂದರೆ ಹುಚ್ಚಾಸ್ಪತ್ರೆ ಎಂದೇ ಅರ್ಥ ಮಾಡಿಕೊಳ್ಳುತ್ತಿದ್ದ ತಲೆಮಾರಿತ್ತು. ಆ ಅಂಜಿಕೆ ಪೂರ್ತಿ ಹೋಗಿಲ್ಲ. ಮನಸ್ಸಿನ ಕಷ್ಟಕ್ಕೆ ಈಗ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರಿಗೂ ಹೇಳಬೇಕಿಲ್ಲ.

ಹಾವೇರಿ ಕಡೆ ಗಾಂಧೀ ದಾರಿಯ ಸೇವೆ ಬೇರೂರಿತ್ತು. ಮೈಲಾರ ಮಹಾದೇವಪ್ಪನವರು ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ಗ್ರಾಮಸೇವೆ ಮಾಡಿದವರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು. ಮುಂದೆ 1979ರಲ್ಲಿ ಎಸ್.ಆರ್. ಹಿರೇಮಠರು ಅಮೆರಿಕದ ಕೆಲಸ ಬಿಟ್ಟು ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಮೂಲಕ ಕೆಲಸ ಆರಂಭಿಸಿದಾಗ ಸೇವೆಗೆ ಇನ್ನೊಂದು ಮುಖ ಬಂತು. ಬಡವರಿಗೆ ನೆರವು ಕೊಟ್ಟರೆ ಸಾಲದು, ಅವರ ಗೋಮಾಳ, ಕಾಡು, ನದಿ ಉಳಿಯಬೇಕು ಎಂಬ ವಾದ ಅದು. 1984ರಲ್ಲಿ ಅವರ ಸಂಘಟನೆ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. 1987ರಲ್ಲಿ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಊರಿನ ಜಮೀನಿನಲ್ಲಿ ಕಂಪನಿ ನೆಟ್ಟ ನೀಲಗಿರಿ ಕಿತ್ತು ಜನ ತಮಗೆ ಬೇಕಾದ ಗಿಡ ಹಚ್ಚಿದರು.

ಸರ್ಕಾರ ತಾನೇ ಮನೆಮನೆಗೆ ಇಳಿದು ಬಂದದ್ದು ತಡವಾಗಿ. 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು. 1995ರಲ್ಲಿ ಕೇಂದ್ರದ ವೃದ್ಧಾಪ್ಯ ವೇತನ ಬಂತು. ಇವುಗಳ ಮಧ್ಯೆ ನಮ್ಮ ಸೀಮೆಯ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು ಯೋಜನೆಯಲ್ಲ, ಗಡಿರೇಖೆ. 1997ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಹೊಸ ಜಿಲ್ಲೆಗಳಾದವು. ಅದಕ್ಕೂ ಮೊದಲು ಹಿರೇಕೆರೂರಿನ ವಿಧವೆಯೊಬ್ಬಳಿಗೆ ಜಿಲ್ಲಾ ಕಚೇರಿಯ ಕೆಲಸವಿದ್ದರೆ ನೂರು ಕಿಲೋಮೀಟರಿಗೂ ಹೆಚ್ಚು ಬಸ್ಸು ಹತ್ತಬೇಕು. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಸಾಹೇಬರು ಇಲ್ಲದಿದ್ದರೆ ಮತ್ತೊಂದು ದಿನ. ಜಿಲ್ಲೆ ಹತ್ತಿರ ಬಂದದ್ದೇ ಒಂದು ಸಮಾಜಸೇವೆ.

2000ದ ಸುಮಾರಿಗೆ ಸ್ತ್ರೀಶಕ್ತಿ ಸಂಘಗಳು ಬಂದವು, ಹಿಂದೆಯೇ ಧರ್ಮಸ್ಥಳ ಸಂಘಗಳೂ ಹರಡಿದವು. ಹತ್ತು-ಹದಿನೈದು ಹೆಂಗಸರು ವಾರಕ್ಕೊಮ್ಮೆ ಕೂಡಿ ಉಳಿತಾಯ ಮಾಡುವುದು, ಒಬ್ಬರಿಗೊಬ್ಬರು ಹೊಣೆಯಾಗುವುದು ಎಂದರೆ ಕಣಗಿನಹಾಳದ ತತ್ವವೇ ಉತಾರವಿಲ್ಲದವರ ಮನೆಗೆ ಬಂದಂತಾಯಿತು. 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆಯೂ ಸಹಕಾರದ ಕೂಸು. ಸೊಸೈಟಿಯ ಸದಸ್ಯ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. 2018ರಲ್ಲಿ ಅದನ್ನು ನಿಲ್ಲಿಸಿದಾಗ ಹಳ್ಳಿಗಳಿಗೆ ನಿಜವಾದ ಪೆಟ್ಟು ಬಿತ್ತು. 2022ರ ಕೊನೆಗೆ ಮತ್ತೆ ತಂದರು.

ಆದರೆ ಪರಸ್ಪರ ಹೊಣೆ ಎಂಬ ಅದೇ ಸೂತ್ರವನ್ನು ಲಾಭದ ಕಂಪನಿಗಳೂ ಕಲಿತುಕೊಂಡವು. ಗುಂಪು ಮಾಡಿಸಿ, ಒಬ್ಬಳು ಕಂತು ತಪ್ಪಿಸಿದರೆ ಉಳಿದವರನ್ನು ಅವಳ ಬಾಗಿಲಲ್ಲಿ ಕೂಡಿಸಿದರು. ಕಣಗಿನಹಾಳದಲ್ಲಿ ನೆರೆಯವರ ಹೊಣೆ ಸಾಲಗಾರನನ್ನು ಕಾಯುತ್ತಿತ್ತು, ಯಾಕೆಂದರೆ ಸಂಘ ಅವರದೇ. ಇಲ್ಲಿ ಸಂಘ ಅವರದಲ್ಲ. ಹೊಣೆ ಮಾತ್ರ ಅವರದು. ಮೊದಲು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದು.

ಉಳಿದರ್ಧ ಕಾಗದದಲ್ಲಿದೆ. ಈಗ ನೆರವು ದಾನವಲ್ಲ, ಹಕ್ಕು. ಇದು ದೊಡ್ಡ ಗೆಲುವು. ಆದರೆ ಹಕ್ಕಿಗೆ ದಾಖಲೆ ಬೇಕು, ದಾಖಲೆಗಳು ಒಂದಕ್ಕೊಂದು ಹೊಂದಬೇಕು. ನಮ್ಮ ಕಡೆ ಮದುವೆಯಾದ ಮೇಲೆ ಹುಡುಗಿಯ ಹೆಸರನ್ನೇ ಬದಲಿಸುವ ರೂಢಿಯಿದೆ. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ರೇಶನ್ ಕಾರ್ಡಿನಲ್ಲಿ ಗಂಡನ ಮನೆಯ ಹೆಸರು, ಆಧಾರ್‌ನಲ್ಲಿ ಅಡ್ಡಹೆಸರು ಹಿಂದುಮುಂದು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿದಾಗ ಎಷ್ಟೋ ಮನೆಗಳಲ್ಲಿ ತಕರಾರು ಬಂದದ್ದು ಇಲ್ಲೇ. ಹಳ್ಳಿಯಲ್ಲೇ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕುವುದು ಸುಲಭವಾಗಿದೆ. ಅರ್ಜಿ ಯಾಕೆ ತಿರಸ್ಕೃತವಾಯಿತು ಎಂದು ಕೂತು ಬಿಡಿಸಿ ಹೇಳುವವರಿಲ್ಲ. ತುರ್ತಿಗೆ ಹಣ ಬೇಕಾದವಳು ಅಷ್ಟು ದಿನ ಕಾಯಲಾರಳು. ಮನೆ ಬಾಗಿಲಿಗೇ ಬಂದು ಅಂದೇ ದುಡ್ಡು ಕೊಡುವವನ ಪುಸ್ತಕಕ್ಕೆ ಸಹಿ ಹಾಕುತ್ತಾಳೆ.

ಈ ಅಂತರ ತುಂಬುತ್ತಿರುವವರು ನಾಲ್ಕೈದು ಬಗೆಯ ಜನ: ಅಂಗನವಾಡಿ ಕಾರ್ಯಕರ್ತೆ, ಆಶಾ, ಗ್ರಾಮ ಪಂಚಾಯಿತಿಯಲ್ಲಿರುವ ವಿಕಲಚೇತನರ ಪುನರ್ವಸತಿ ಕಾರ್ಯಕರ್ತ, ಸಂಘದಲ್ಲಿ ನಾಲ್ಕಕ್ಷರ ಬಲ್ಲ ಅಕ್ಕ. ಯಾವ ಮನೆಯಲ್ಲಿ ಯಾರ ಕಾರ್ಡು ನಿಂತಿದೆ, ಯಾವ ಹುಡುಗನಿಗೆ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿಲ್ಲ ಎಂದು ಇವರಿಗೆ ಗೊತ್ತು. ಹಳೆಯ ಸಂಘದ ಪಂಚರಿಗೆ ಇದ್ದ ತಿಳಿವಳಿಕೆಯೇ ಇದು. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ, ಅದಕ್ಕೂ ಬೀದಿಗಿಳಿಯಬೇಕು. ಹೊಸ ಯೋಜನೆಯೊಂದನ್ನು ಘೋಷಿಸುವ ಬದಲು ಇವರನ್ನು ಕಾಯಂ ಮಾಡಿದರೆ ಇರುವ ಯೋಜನೆಗಳೇ ಮನೆ ಮುಟ್ಟುತ್ತವೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಅಲ್ಲಿಯವರೆಗೆ ಗೊತ್ತಿರಬೇಕಾದ ಬಾಗಿಲುಗಳು ಕೆಲವಿವೆ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳು 181ಕ್ಕೆ ಕರೆ ಮಾಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕಾಯ್ದೆಯ ಪ್ರಕಾರ ಸಂರಕ್ಷಣಾಧಿಕಾರಿ, ಅವರ ಕಚೇರಿಗೆ ನೇರ ಹೋದರೂ ಆಯಿತು. ಮಕ್ಕಳ ವಿಷಯಕ್ಕೆ 1098. ಆಸ್ತಿ ಬರೆಸಿಕೊಂಡು ಅಪ್ಪ-ಅವ್ವನನ್ನು ಹೊರಗೆ ಹಾಕಿದ ಮಕ್ಕಳ ಮೇಲೆ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು, ವಕೀಲರು ಬೇಕಿಲ್ಲ. ಹಿರಿಯರ ಸಹಾಯವಾಣಿ 14567. ಕಾಲು ಕಳೆದುಕೊಂಡವರಿಗೆ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಯ ಆವರಣದ ಮಹಾವೀರ ಲಿಂಬ್ ಸೆಂಟರ್ ಕೃತಕ ಕಾಲು ಜೋಡಿಸಿಕೊಡುತ್ತದೆ. ಇನ್ನು ಸಾಲದ ಕಾಟವೋ ಜಮೀನಿನ ತಂಟೆಯೋ, ಯಾವುದೇ ಆಗಲಿ, ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ. ಫೋನ್ 15100.