ಡಿಸ್ಕ್ ಕೆಟ್ಟರೂ ಸರ್ವರ್ ಯಾಕೆ ಸುಮ್ಮನಿರುತ್ತದೆ?

ಸರ್ವರ್‌ನ ಒಂದು ಡಿಸ್ಕ್ ಕೆಟ್ಟು ತಿಂಗಳುಗಳೇ ಕಳೆದರೂ ಯಾರಿಗೂ ಗೊತ್ತಾಗದೇ ಇರಬಹುದು. ವೆಬ್‌ಸೈಟ್ ತೆರೆಯುತ್ತದೆ, ಡೇಟಾಬೇಸ್ ಉತ್ತರ ಕೊಡುತ್ತದೆ. ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್ ಇರುವುದೇ ಅದಕ್ಕಲ್ವಾ? 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ತಮ್ಮ ಪ್ರಬಂಧದಲ್ಲಿ ಹೇಳಿದ್ದೂ ಇದನ್ನೇ: ಅಗ್ಗದ ಡಿಸ್ಕ್‌ಗಳನ್ನು ಒಟ್ಟಿಗೆ ಕಟ್ಟಿ, ಒಂದು ಕೈಕೊಟ್ಟರೆ ಉಳಿದವು ಸಂಭಾಳಿಸಲಿ. ಆದರೆ ಅದರ ಒಂದು ಬಗೆಯಾದ ರೇಡ್ 5 ತಡೆದುಕೊಳ್ಳುವುದು ಒಂದೇ ಡಿಸ್ಕ್‌ನ ಸಾವನ್ನು. ಎರಡನೆಯದೂ ಹೋದರೆ ಎಲ್ಲಾ ಹೋಯಿತು.

ಈ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ಮೇ ಮಾಡುವ ಸಾಫ್ಟ್‌ವೇರ್ ರೇಡ್ ಆದರೆ ಲಿನಕ್ಸ್‌ನಲ್ಲಿ ಎಂಡಿಸ್ಟ್ಯಾಟ್ ಫೈಲ್ ಓದಿದರೆ ಸಾಕು, ಸ್ಥಿತಿ ಗೊತ್ತಾಗುತ್ತದೆ. ರೇಡ್‌ಗೆಂದೇ ಇರುವ ಕಾರ್ಡ್, ಅಂದರೆ ಹಾರ್ಡ್‌ವೇರ್ ಕಂಟ್ರೋಲರ್, ಹಾಗಲ್ಲ. ಎಂಟು ಡಿಸ್ಕ್‌ಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಆಪರೇಟಿಂಗ್ ಸಿಸ್ಟಮ್‌ಗೆ ಒಂದೇ ದೊಡ್ಡ ಡಿಸ್ಕ್ ತೋರಿಸುತ್ತದೆ. ಕೆಟ್ಟಾಗ ಕಾರ್ಡ್ ಬೀಪ್ ಅಂತ ಕೂಗಬಹುದು. ಫ್ಯಾನ್‌ಗಳ ಗದ್ದಲದಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಅದನ್ನು ಕೇಳುವವರು ಯಾರು?

ಹಾಗಾಗಿ ನಾವೇ ಹೋಗಿ ವಿಚಾರಿಸಬೇಕು. ಮೆಗಾರೇಡ್‌ಗೆ ಸ್ಟೋರ್‌ಸಿಎಲ್‌ಐ, ಅಡಾಪ್ಟೆಕ್‌ಗೆ ಆರ್ಕ್‌ಕಾನ್ಫ್, ಹೀಗೆ ಕಾರ್ಡ್‌ಗೊಂದು ಕಮಾಂಡ್. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನವರು ಬೇರೆ ಬೇರೆ ಕಾರ್ಡ್‌ಗಳಿಗೆ ಬಯೋಸಿಟಿಎಲ್ ಎಂಬ ಒಂದೇ ಕಮಾಂಡ್ ಮಾಡಿದರು. ನನಗೆ ತುಂಬಾ ಇಷ್ಟವಾದ ದಾರಿ ಅದು.

ಉತ್ತರವನ್ನು ಓದುವಾಗ ಮೊದಲ ಸಾಲಿಗೇ ನಿಲ್ಲಬೇಡಿ. ಅರೇ (ಒಟ್ಟಿಗೆ ಕಟ್ಟಿದ ಡಿಸ್ಕ್‌ಗಳ ಗುಂಪು) 'ಆಪ್ಟಿಮಲ್', ಡಿಸ್ಕ್‌ಗಳೆಲ್ಲ 'ಆನ್‌ಲೈನ್' ಅಂತ ಇರುತ್ತದೆ. ಕೆಳಗೆ ಒಂದು ಡಿಸ್ಕ್‌ನ ವಿವರದಲ್ಲಿ ಮೀಡಿಯಾ ಎರರ್ (ಡಿಸ್ಕ್ ಮೇಲೆ ಓದಲು, ಬರೆಯಲು ಆಗದ ತಪ್ಪುಗಳು) 37 ಅಂತ ಇದೆ ಅನ್ನಿ. ಮುಂದಿನ ವಾರ ಅದು 52 ಆದರೆ ಆ ಡಿಸ್ಕ್ ಬದಲಿಸುವುದೇ ವಾಸಿ. ಯಾಕೆಂದರೆ ಬೇರೊಂದು ಡಿಸ್ಕ್ ಹೋದ ದಿನ, ಹೊಸದನ್ನು ತುಂಬಿಸಲು ಉಳಿದೆಲ್ಲವನ್ನೂ ಮೊದಲಿಂದ ಕೊನೆಯವರೆಗೆ ಓದಬೇಕು. ಓದಲಾಗದ ಒಂದು ಸೆಕ್ಟರ್ (ಡಿಸ್ಕ್‌ನ ಚಿಕ್ಕ ತುಣುಕು) ಆಗ ಸಿಕ್ಕರೆ, ಅಲ್ಲಿದ್ದ ಡೇಟಾ ಮರಳಿ ಬರುವುದಿಲ್ಲ. ಬಿಡುವಿದ್ದಾಗ ಡಿಸ್ಕ್‌ಗಳನ್ನು ಓದಿ ನೋಡುವ ಪ್ಯಾಟ್ರೋಲ್ ರೀಡ್ ಇರುವುದು ಇಂಥ ಸೆಕ್ಟರ್‌ಗಳನ್ನು ಮುಂಚೆಯೇ ಹುಡುಕಲು.

ಕಂಟ್ರೋಲರ್‌ನ ಬ್ಯಾಟರಿಯನ್ನೂ ನೋಡಿ. ಬರೆಯಬೇಕಾದ ಡೇಟಾವನ್ನು ಕಂಟ್ರೋಲರ್ ಮೊದಲು ತನ್ನ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಇಟ್ಟುಕೊಳ್ಳುತ್ತದೆ. ಕರೆಂಟ್ ಹೋದರೆ ಅದನ್ನು ಕಾಯುವುದು ಬ್ಯಾಟರಿ. ಬ್ಯಾಟರಿ ಸೋತಾಗ ಸಾಮಾನ್ಯವಾಗಿ ಕಂಟ್ರೋಲರ್ ಕ್ಯಾಶ್ ನೆಚ್ಚಿಕೊಳ್ಳದೆ ನೇರ ಡಿಸ್ಕ್‌ಗೇ ಬರೆಯುತ್ತದೆ. ಏನೂ ಕೆಟ್ಟಿಲ್ಲ, ಎಲ್ಲಾ ನಿಧಾನ. ಜನ ಡೇಟಾಬೇಸ್ ಕ್ವೆರಿಗಳಲ್ಲಿ ತಪ್ಪು ಹುಡುಕುತ್ತಾ ದಿನ ಕಳೆಯುತ್ತಾರೆ.

ಇದನ್ನೆಲ್ಲ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಒಂದು ಸ್ಕ್ರಿಪ್ಟ್ ನೋಡಿಕೊಳ್ಳಬಹುದು. ಆದರೆ ಅದೂ ಮೌನವಾಗಬಹುದು. ಕರ್ನಲ್ ಅಪ್‌ಗ್ರೇಡ್ ಆದ ಮೇಲೆ ಕಮಾಂಡ್ ಓಡದೇ ಖಾಲಿ ಉತ್ತರ ಬರುತ್ತದೆ. ಸ್ಕ್ರಿಪ್ಟ್ ಅದರಲ್ಲಿ 'ಡಿಗ್ರೇಡೆಡ್' (ಡಿಸ್ಕ್ ಕಳೆದುಕೊಂಡ ಅರೇ) ಪದ ಹುಡುಕಿ, ಸಿಗದೆ, ಎಲ್ಲಾ ಸರಿ ಅನ್ನುತ್ತದೆ. ಸರ್ವರ್‌ಗಳ ಮೇಲೆ ಕಣ್ಣಿಡುವ ನಾಗಿಯೋಸ್‌ನಲ್ಲಿ ಸ್ಕ್ರಿಪ್ಟ್ ಕೊಡುವ 0 ಅಂದರೆ ಸರಿ, 3 ಅಂದರೆ ಗೊತ್ತಿಲ್ಲ. ಖಾಲಿ ಉತ್ತರ ಯಾವತ್ತೂ 3 ಆಗಬೇಕು. ಹೊಸ ಸರ್ವರ್ ಕೆಲಸಕ್ಕೆ ಇಳಿಯುವ ಮುಂಚೆ, ಡೇಟಾ ಇನ್ನೂ ಹಾಕಿರದಾಗಲೇ, ನಾನು ಒಂದು ಡಿಸ್ಕನ್ನು ಕೈಯಾರೆ ಹೊರಗೆಳೆದು ಎಚ್ಚರಿಕೆಯ ಮೇಲ್ ಬರುವವರೆಗೆ ಕಾಯುತ್ತೇನೆ.