ಮಧ್ಯಾಹ್ನಕ್ಕೆ ತಂಬುಳಿ ಸಾಕು, ಕಲಿಯೋಕೆ ದಿನಕ್ಕೊಂದು ಗಂಟೆ ಸಾಕು

ಕಂಪ್ಯೂಟರ್ ಮತ್ತು ಕನ್ನಡ ಟೈಪಿಂಗ್ ಕಲಿಸೋದು ನನ್ನ ಕೆಲಸ. ಶಿವಮೊಗ್ಗದ ನಮ್ಮ ತರಗತಿಗೆ ಡಿಗ್ರಿ ಮುಗಿಸಿದ ಹುಡುಗರು ಬರುತ್ತಾರೆ, ಅಂಗಡಿಯಲ್ಲಿ ಲೆಕ್ಕ ಬರೆಯುವವರು ಬರುತ್ತಾರೆ, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಓಡೋಡಿ ಬರುವ ಅಮ್ಮಂದಿರೂ ಬರುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬೆಳಗಿನ ಬಸ್ ಹಿಡಿದು ಬರುವವರೂ ಇದ್ದಾರೆ. ಯಾರೇ ಬರಲಿ, ಮೊದಲ ವಾರ ಕಳೆಯುವಷ್ಟರಲ್ಲಿ ಎರಡು ಮಾತು ಬಂದೇ ಬರುತ್ತವೆ. 'ಟೈಮೇ ಸಿಗಲ್ಲ ಮೇಡಂ.' 'ನಂಗೆ ತಲೆಗೆ ಹತ್ತಲ್ಲ ಮೇಡಂ.'

ಎರಡನೆಯ ಮಾತನ್ನು ನಾನು ಒಪ್ಪುವುದೇ ಇಲ್ಲ. ಹೊಸನಗರದ ಕಡೆಯ ಒಬ್ಬ ಹೆಣ್ಣುಮಗಳು ಇದನ್ನೇ ಹೇಳಿ ಕಣ್ಣಲ್ಲಿ ನೀರು ತಂದುಕೊಂಡಿದ್ದರು. 'ನಿಮಗೆ ಅಡಿಕೆ ಸುಲಿಯೋಕೆ ಬರುತ್ತಾ?' ಅಂತ ಕೇಳಿದೆ. ಬರುತ್ತಂತೆ, ಪಕ್ಕದವರ ಜೊತೆ ಮಾತಾಡುತ್ತಾ, ಕತ್ತಿ ಕಡೆ ಕಣ್ಣೂ ಹಾಯಿಸದೆ ಸುಲಿಯುತ್ತಾರಂತೆ. ಮೆಟ್ಟುಗತ್ತಿ ಮುಂದೆ ಕೂತವರಿಗೆ ಗೊತ್ತು, ಅದು ಸಣ್ಣ ವಿದ್ಯೆ ಅಲ್ಲ. ಸಿಪ್ಪೆ ಬಿಡಬೇಕು, ಒಳಗಿನ ಅಡಿಕೆಗೆ ಗಾಯ ಆಗಬಾರದು, ಬೆರಳು ಉಳಿಯಬೇಕು. ಅದನ್ನು ಹೇಗೆ ಕಲಿತಿರಿ ಅಂದರೆ, ಯಾರೂ ಕೂರಿಸಿ ಕಲಿಸಲಿಲ್ಲ ಅಂದರು. ಚಿಕ್ಕವರಿದ್ದಾಗ ಸುಲಿತದ ರಾತ್ರಿಗಳಲ್ಲಿ ಸ್ವಲ್ಪ ಹೊತ್ತು ನೋಡಿದ್ದು, ಅಜ್ಜಿ ನಾಲ್ಕು ಕಾಯಿ ಕೊಟ್ಟಿದ್ದು, ನಿದ್ದೆ ಬಂತು ಅಂತ ಎದ್ದು ಹೋಗಿದ್ದು, ಮರುದಿನ ಮತ್ತೆ ಬಂದು ಕೂತಿದ್ದು. ಹಾಗೇ ಒಂದು ಸುಗ್ಗಿ, ಇನ್ನೊಂದು ಸುಗ್ಗಿ.

ಮನಸ್ಸು ಹೇಗೆ ಕಲಿಯುತ್ತದೆ ಅಂತ ಅಧ್ಯಯನ ಮಾಡಿದವರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹೇಳುತ್ತಿರುವುದೂ ಹೆಚ್ಚುಕಮ್ಮಿ ಇದನ್ನೇ. ಸ್ವಲ್ಪ ಸ್ವಲ್ಪ, ನಡುವೆ ಬಿಡುವು, ಮಧ್ಯೆ ಒಂದು ನಿದ್ದೆ, ಮತ್ತೆ ಅದೇ ಕೆಲಸ. ಅಜ್ಜಿ ಮನೆಯಲ್ಲಿ ತಾನಾಗಿ ಸಿಕ್ಕಿದ ಈ ಕ್ರಮವನ್ನು ಕೋರ್ಸ್ ಅಂತ ದುಡ್ಡು ಕೊಟ್ಟು ಸೇರಿದ ಕೂಡಲೇ ನಾವು ಬಿಟ್ಟುಬಿಡುತ್ತೇವೆ. ಭಾನುವಾರ ಐದು ಗಂಟೆ ಕೂತು ಎಲ್ಲ ಮುಗಿಸಿಬಿಡೋಣ ಅನ್ನುತ್ತೇವೆ.

ನನ್ನ ಕಸುಬಿಗೇ ಸೇರಿದ ಒಂದು ಪ್ರಯೋಗ ಇದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಬೇಕಾಗಿ ಬಂತು. ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಅವರನ್ನು ಗುಂಪು ಮಾಡಿ, ಕೆಲವರಿಗೆ ದಿನಕ್ಕೆ 1 ಗಂಟೆ ಮಾತ್ರ ಅಭ್ಯಾಸ ಕೊಟ್ಟರು, ಕೆಲವರಿಗೆ 2 ಗಂಟೆ, ಇನ್ನು ಕೆಲವರಿಗೆ ದಿನಕ್ಕೆ 4 ಗಂಟೆ. ಫಲಿತಾಂಶ 1978ರಲ್ಲಿ ಪ್ರಕಟವಾಯಿತು. ಕೀಲಿಮಣೆ ಕೈಗೆ ಹತ್ತೋಕೆ ಎಲ್ಲರಿಗಿಂತ ಕಡಿಮೆ ಗಂಟೆ ಬೇಕಾಗಿದ್ದು ದಿನಕ್ಕೆ 1 ಗಂಟೆ ಕೂತವರಿಗೆ. ದಿನಗಳ ಲೆಕ್ಕದಲ್ಲಿ ಅವರಿಗೆ ಜಾಸ್ತಿ ಹಿಡಿಯಿತು, ಅದು ಸಹಜ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ತರಬೇತಿ ಬಗ್ಗೆ ಎಲ್ಲರಿಗಿಂತ ಕಡಿಮೆ ಸಮಾಧಾನ ಇದ್ದಿದ್ದು ಇದೇ ಗುಂಪಿನವರಿಗೆ! ಬೇರೆಯವರು ಮುಂದೆ ಹೋದರು, ನಾವು ಹಿಂದೆ ಬಿದ್ದೆವು ಅಂತ ಅವರಿಗೆ ಅನ್ನಿಸಿತ್ತು. ಚೆನ್ನಾಗಿ ಕಲಿಯುತ್ತಿರುವಾಗ ಕಲಿಯುತ್ತಿದ್ದೇವೆ ಅಂತ ಅನ್ನಿಸದೇ ಇರಬಹುದು. ಎರಡನೇ ವಾರಕ್ಕೆ ಬಿಟ್ಟು ಹೋಗುವವರನ್ನು ನಾನು ಕೂರಿಸಿಕೊಂಡು ಇದನ್ನು ಹೇಳುತ್ತೇನೆ.

ಅಭ್ಯಾಸದ ಆ ಒಂದು ಗಂಟೆಯಲ್ಲಿ ಏನು ಮಾಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ, ಅದನ್ನು ಆಧರಿಸಿದ ನುಡಿ ತಂತ್ರಾಂಶದಲ್ಲೂ, ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ಕನ್ನಡ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಇಂಗ್ಲಿಷ್ ಅಕ್ಷರ ಹಿಡಿದು ಹೋದವರು ಕೊನೆಯ ಡ ಹತ್ತಿರ ಎಡವುತ್ತಾರೆ, ಯಾಕೆಂದರೆ ಇಲ್ಲಿ ಡಬ್ಲ್ಯೂ ಒತ್ತಿದರೆ ಡ, ಡಿ ಒತ್ತಿದರೆ ದ. ಹೊಸಬರು ಪಕ್ಕದಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಅನ್ನುವ ಚಾರ್ಟ್ ಇಟ್ಟುಕೊಂಡು, ಪ್ರತಿ ಅಕ್ಷರಕ್ಕೂ ಅದನ್ನು ನೋಡಿ ಒತ್ತುತ್ತಾರೆ. ಪುಟಗಟ್ಟಲೆ ತಪ್ಪಿಲ್ಲದೆ ಬರುತ್ತದೆ. ಖುಷಿಯೂ ಆಗುತ್ತದೆ. ಚಾರ್ಟ್ ತೆಗೆದಿಟ್ಟ ದಿನ ಬೆರಳು ಅಲ್ಲೇ ನಿಲ್ಲುತ್ತದೆ.

ಅದಕ್ಕೇ ನಾನು ಎರಡನೇ ದಿನವೇ ಚಾರ್ಟ್ ಮಗುಚಿ ಇಡಿಸುತ್ತೇನೆ. ಮೊದಲು ನೆನಪಿನಿಂದ ಒತ್ತಿ, ತಪ್ಪಾಗಲಿ, ಆಮೇಲೆ ಮಗುಚಿ ನೋಡಿ. ನೆನಪು ಮಾಡಿಕೊಳ್ಳಲು ಒದ್ದಾಡುವ ಆ ಎರಡು ಮೂರು ಸೆಕೆಂಡ್ ಇದೆಯಲ್ಲ, ಕಲಿಕೆ ನಡೆಯುವುದು ಅಲ್ಲೇ. ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. 1 ವಾರ ಕಳೆದು ಕೇಳಿದಾಗ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಮುಂದೆ. ಟೈಪಿಂಗ್‌ಗೆ ಮಾತ್ರ ಅಂದುಕೊಳ್ಳಬೇಡಿ. ಹೊಲಿಗೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ, ಇಂಗ್ಲಿಷ್ ಮಾತಾಡೋದು, ಯಾವುದೇ ಆಗಲಿ. ಸುಮ್ನೆ ವಿಡಿಯೊ ಮೇಲೆ ವಿಡಿಯೊ ನೋಡಿದರೆ ಗೊತ್ತಾದ ಹಾಗೆ ಅನ್ನಿಸುತ್ತದೆ, ಕೈಗೆ ಬಂದಿರುವುದಿಲ್ಲ. ಹತ್ತು ನಿಮಿಷದ ವಿಡಿಯೊ ನೋಡಿದರೆ ಫೋನ್ ಕೆಳಗಿಟ್ಟು ಇಪ್ಪತ್ತು ನಿಮಿಷ ಮಾಡಿ ನೋಡಬೇಕು.

ಇನ್ನು ಟೈಮ್ ಇಲ್ಲ ಅನ್ನೋ ಮಾತು. ಇದು ನಿಜ, ಅದರಲ್ಲೂ ಹೆಂಗಸರ ಬಾಯಲ್ಲಿ ನೂರಕ್ಕೆ ನೂರು ನಿಜ. ಬೆಳಗ್ಗೆ ತಿಂಡಿ ಒಂದು, ಡಬ್ಬಿಗೆ ಅನ್ನ ಸಾರು ಪಲ್ಯ ಒಂದು ಸುತ್ತು, ಮನೆಯಲ್ಲಿ ಉಳಿದವರಿಗೆ ಮತ್ತೊಂದು ಸುತ್ತು. ದಿನದ ಒಳ್ಳೆಯ ಹೊತ್ತೆಲ್ಲ ಒಲೆ ಮುಂದೆ ಹೋಗುತ್ತದೆ. ಆ ಒಂದು ಗಂಟೆ ಎಲ್ಲಿಂದ ತರುತ್ತೀರಿ ಅಂತ ಕೇಳಿದರೆ ಎಲ್ಲರೂ ನಿದ್ದೆ ಕಡೆ ಕೈ ತೋರಿಸುತ್ತಾರೆ. ಅದೊಂದು ಬೇಡ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ, ಅದನ್ನೇ ಕತ್ತರಿಸಿದರೆ ಕಲಿತು ಏನು ಬಂತು? ಕತ್ತರಿಸುವುದಾದರೆ ಮಧ್ಯಾಹ್ನದ ಅಡುಗೆಯನ್ನು ಕತ್ತರಿಸಿ ಅನ್ನುತ್ತೇನೆ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ, ನಮ್ಮಲ್ಲಿ ತಂಬುಳಿ ಇದೆ.

ತಂಬುಳಿಗೆ ಬೇಳೆ ಬೇಯಿಸೋದಿಲ್ಲ, ಕುದಿಸೋದೂ ಇಲ್ಲ. ಒಂದು ಹಿಡಿ ಒಂದೆಲಗ ತೊಳೆದುಕೊಳ್ಳಿ. ಚೂರು ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಘಮ್ ಅನ್ನುವವರೆಗೆ ಹುರಿಯಿರಿ. ಎರಡು ಮೂರು ಚಮಚ ಕಾಯಿತುರಿ, ಉಪ್ಪು, ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕಲಸಿ. ಮೇಲೊಂದು ಸಾಸಿವೆ, ಒಣಮೆಣಸಿನ ಒಗ್ಗರಣೆ. ಅನ್ನದ ಕುಕ್ಕರ್ ಕೂಗಿ ತಣಿಯುವಷ್ಟರಲ್ಲಿ ಇದು ಮುಗಿದಿರುತ್ತದೆ. ಜೊತೆಗೆ ಒಂದು ಮಿಡಿ ಉಪ್ಪಿನಕಾಯಿ, ಇದ್ದರೆ ಒಂದು ಹಪ್ಪಳ. ಬೇಳೆಯ ಸತ್ವ ಬೇಕಲ್ಲ ಅಂದರೆ ರಾತ್ರಿಗೆ ಒಂದು ಹುಳಿಯನ್ನೋ ಸೊಪ್ಪು ಸಾರನ್ನೋ ನಿಧಾನವಾಗಿ ಮಾಡಿ, ಮನೆಯವರೆಲ್ಲ ಇರುತ್ತಾರೆ, ಕೈ ಜೋಡಿಸಲಿ.

ಡಬ್ಬಿಗೆ ಹಾಕುವವರಿಗೆ ಒಂದು ಮಾತು. ಬೆಳಗ್ಗೆಯೇ ಮಜ್ಜಿಗೆ ಕಲಸಿ ಒಯ್ದರೆ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ನೀರು ಕಡಿಮೆ ಹಾಕಿ ರುಬ್ಬಿದ ಗಟ್ಟಿ ಮುದ್ದೆಯನ್ನು ಸಣ್ಣ ಡಬ್ಬಿಯಲ್ಲಿ, ಮೊಸರನ್ನು ಬೇರೆ ಡಬ್ಬಿಯಲ್ಲಿ ಒಯ್ದು ಊಟದ ಹೊತ್ತಿಗೆ ಕಲಸಿಕೊಳ್ಳಿ. ತೀರಾ ಸೆಖೆ ಇದ್ದ ದಿನ ಕಾಯಿತುರಿಯನ್ನೂ ಬಿಡಬಹುದು, ರುಚಿ ಅಷ್ಟೇನೂ ಕೆಡುವುದಿಲ್ಲ.

ತಂಬುಳಿಯನ್ನು ನಾನು ತರಗತಿಯಲ್ಲೂ ಎತ್ತುವುದಕ್ಕೆ ಕಾರಣ ಸಮಯ ಉಳಿಯುತ್ತದೆ ಅನ್ನುವುದೊಂದೇ ಅಲ್ಲ. ಅಡುಗೆ ಬರದ ಹುಡುಗರು ರೂಮ್ ಮಾಡಿಕೊಂಡಾಗ ಇಪ್ಪತ್ತು ರೆಸಿಪಿ ಸೇವ್ ಮಾಡಿಕೊಳ್ಳುತ್ತಾರೆ, ಒಂದನ್ನೂ ಎರಡನೇ ಸಲ ಮಾಡೋದಿಲ್ಲ. ತಂಬುಳಿ ಒಂದೇ ಕಲಿಯಿರಿ ಅನ್ನುತ್ತೇನೆ. ಹುರಿ, ರುಬ್ಬು, ಮಜ್ಜಿಗೆಗೆ ಕಲಸು, ಒಗ್ಗರಣೆ ಕೊಡು, ಇಷ್ಟೇ ಅದರ ಕ್ರಮ. ಇವತ್ತು ಒಂದೆಲಗ. ಮೂರು ದಿನ ಬಿಟ್ಟು ದೊಡ್ಡಪತ್ರೆ, ಅದನ್ನು ಹಸಿಯಾಗಿ ರುಬ್ಬುವ ಬದಲು ತುಪ್ಪದಲ್ಲಿ ಬಾಡಿಸಬೇಕು. ಆಮೇಲೆ ಮೆಂತ್ಯ, ಅದನ್ನು ಕೆಂಪಗೆ ಹುರಿಯಬೇಕು, ಸ್ವಲ್ಪ ಜಾಸ್ತಿಯಾದರೂ ಕಹಿ. ಮಳೆಗಾಲಕ್ಕೆ ಶುಂಠಿ, ಸೊಪ್ಪು ಸಿಗದ ದಿನ ಒಣಗಿಸಿಟ್ಟ ನೆಲ್ಲಿ. ಕ್ರಮ ಅದೇ, ಪ್ರತಿ ಸಲ ಒಂದು ಸಂಗತಿ ಬೇರೆ. ಹೀಗೆ ಮಾಡಿದವರಿಗೆ ಗುರುತೇ ಇಲ್ಲದ ಸೊಪ್ಪು ಕೊಟ್ಟು ಇದು ತಿನ್ನುವ ಸೊಪ್ಪು ಅಂದರೆ ಸಾಕು, ಏನು ಮಾಡಬೇಕು ಅಂತ ತಾವೇ ಲೆಕ್ಕ ಹಾಕುತ್ತಾರೆ.

1978ರಲ್ಲೇ ಬಂದ ಇನ್ನೊಂದು ಪ್ರಯೋಗ, ಕೆರ್ ಮತ್ತು ಬೂತ್ ಅನ್ನುವವರದು, ಇದನ್ನೇ ಎಂಟು ವರ್ಷದ ಮಕ್ಕಳಲ್ಲಿ ತೋರಿಸಿತ್ತು. ಒಂದು ಗುಂಪಿನ ಮಕ್ಕಳು 3 ಅಡಿ ದೂರದ ಗುರಿಗೆ ಮಾತ್ರ ಕಾಳು ತುಂಬಿದ ಚೀಲ ಎಸೆದು ಅಭ್ಯಾಸ ಮಾಡಿದರು. ಇನ್ನೊಂದು ಗುಂಪು 2 ಅಡಿಗೂ 4 ಅಡಿಗೂ ಎಸೆಯಿತು, 3 ಅಡಿಯನ್ನು ಮುಟ್ಟಲೇ ಇಲ್ಲ. ಕೊನೆಗೆ 3 ಅಡಿಯ ಪರೀಕ್ಷೆ ಇಟ್ಟರೆ ಎರಡನೇ ಗುಂಪೇ ಚೆನ್ನಾಗಿ ಎಸೆಯಿತು. ಒಂದೇ ಪದವನ್ನು ಪುಟ ತುಂಬ ಟೈಪ್ ಮಾಡಿಸುವುದನ್ನು ನಾನು ನಿಲ್ಲಿಸಿದ್ದು ಇದನ್ನು ತಿಳಿದ ಮೇಲೆ. ಈಗ ಒಂದು ಸಾಲು ಪತ್ರಿಕೆಯ ಸುದ್ದಿ, ಒಂದು ಸಾಲು ಅರ್ಜಿ, ಒಂದು ಸಾಲು ಮನೆಯ ಸಾಮಾನಿನ ಚೀಟಿ. ವೇಗ ಮೊದಮೊದಲು ಕಡಿಮೆ ಬರುತ್ತದೆ, ಬರಲಿ.

ಸರಳವಾಗಿ ಬದುಕೋದು ಅಂದರೆ ಖರ್ಚು ಕಡಿಮೆ ಮಾಡೋದು ಅಂತ ಮಾತ್ರ ನಾವು ತಿಳಿಯುತ್ತೇವೆ. ಕಲಿಯುವವರಿಗೆ ಅದಕ್ಕಿಂತ ಮುಖ್ಯವಾದದ್ದು, ಒಟ್ಟಿಗೆ ಹಿಡಿದುಕೊಂಡ ಕೆಲಸಗಳನ್ನು ಕಡಿಮೆ ಮಾಡೋದು. ಟೈಪಿಂಗ್, ಟ್ಯಾಲಿ, ಸ್ಪೋಕನ್ ಇಂಗ್ಲಿಷ್ ಮೂರಕ್ಕೂ ಒಂದೇ ತಿಂಗಳಲ್ಲಿ ಸೇರಿಕೊಂಡವರಿಗೆ ಒಂದನ್ನು ಇಟ್ಟುಕೊಂಡು ಎರಡನ್ನು ಬಿಡಿ ಅಂತ ನಾನೇ ಹೇಳಿ ಕಳಿಸುತ್ತೇನೆ. ಹಾಗೇ ಕಲಿಯುವ ಮೊದಲೇ ಸಾಮಾನು ಕೊಳ್ಳಬೇಡಿ. ಹೊಲಿಗೆಗೆ ಸೇರಿದ ದಿನವೇ ಮೋಟರ್ ಮೆಷಿನ್‌ಗೆ ಸಾಲ ಮಾಡುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಆಮೇಲೆ ಕಂತಿನ ಚಿಂತೆ ಕಲಿಕೆಯ ಹೊತ್ತನ್ನೂ ತಿನ್ನುತ್ತದೆ. ಪಕ್ಕದ ಮನೆಯ ಹಳೆಯ ಕಾಲ್ತುಳಿಯ ಮೆಷಿನ್ ಮೊದಲ ಮೂರು ತಿಂಗಳಿಗೆ ಧಾರಾಳ ಸಾಕು.

ಕೊನೆಗೆ, ಬಿಟ್ಟು ಹೋದವರ ವಿಷಯ. ಅಡಿಕೆ ಕೊಯ್ಲು ಶುರುವಾದರೆ ಹಳ್ಳಿಯಿಂದ ಬರುವವರು ತಿಂಗಳುಗಟ್ಟಲೆ ಬರೋದಿಲ್ಲ. ಆಷಾಢದ ಮಳೆಯಲ್ಲಿ ಕರೆಂಟ್ ಹೋದರೆ ಮನೆಯ ಅಭ್ಯಾಸವೂ ನಿಲ್ಲುತ್ತದೆ. ಮರಳಿ ಬಂದು 'ಎಲ್ಲ ಮರೆತುಹೋಯ್ತು ಮೇಡಂ, ಮೊದಲಿನಿಂದ ಶುರು ಮಾಡ್ತೀನಿ' ಅನ್ನುತ್ತಾರೆ. ಬೇಡ. ಹೆರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ 1885ರಲ್ಲಿ ಪ್ರಕಟಿಸಿದ ಕೆಲಸ ನಮಗೆ ಇಲ್ಲಿ ಧೈರ್ಯ ಕೊಡುತ್ತದೆ. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಆತ ತಾನೇ ಬಾಯಿಪಾಠ ಮಾಡಿ, ದಿನ ಕಳೆದು ಎಷ್ಟು ಮರೆತಿದೆ ಅಂತ ಅಳೆದ. ಅಳೆದ ರೀತಿ ಜಾಣತನದ್ದು. ಮತ್ತೆ ಬಾಯಿಪಾಠ ಮಾಡೋಕೆ ಎಷ್ಟು ಕಡಿಮೆ ಹೊತ್ತು ಸಾಕಾಯಿತು ಅಂತ ನೋಡಿದ. ಪೂರ್ತಿ ಮರೆತಂತೆ ಕಂಡಿದ್ದೂ ಎರಡನೇ ಸಲಕ್ಕೆ ಬೇಗ ಬರುತ್ತಿತ್ತು. ಹಾಗಾಗಿ ಬಿಟ್ಟು ಬಂದವರಿಗೆ ನಮ್ಮಲ್ಲಿ ಮೊದಲ ದಿನದ ಕೆಲಸ ಒಂದೇ. ಚಾರ್ಟ್ ನೋಡದೆ ಅರ್ಧ ಪುಟ ಟೈಪ್ ಮಾಡಿ, ತಪ್ಪಾದ ಅಕ್ಷರಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿ. ಸುತ್ತು ಬಿದ್ದಷ್ಟು ಅಕ್ಷರಗಳೇ ಆ ವಾರದ ಪಾಠ.