ಪದ ಪರಿಚಯ: ಸಂಖ್ಯಾಶಾಸ್ತ್ರ

ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ದಾಖಲಾತಿಯ ದಿನಗಳಂದು ವಾಣಿಜ್ಯ ವಿಭಾಗದ ಮೇಜಿನ ಹಿಂದೆ ಕುಳಿತ ನನ್ನಂಥ ಉಪನ್ಯಾಸಕರಿಗೆ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. ಮಕ್ಕಳು ಬಾಯಲ್ಲಿ ಹೆಬಾ, ಸೆಬಾ ಎಂದು ಕರೆಯುವ ಕಾಂಬಿನೇಷನ್‌ಗಳು ಅರ್ಜಿಯಲ್ಲಿರುತ್ತವೆ. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಈ ನಾಲ್ಕೂ ಸೇರಿದರೆ ಎಚ್‌ಇಬಿಎ; ಇತಿಹಾಸವನ್ನು ಬಿಟ್ಟು ಆ ಜಾಗಕ್ಕೆ ಸಂಖ್ಯಾಶಾಸ್ತ್ರವನ್ನು ತಂದರೆ ಎಸ್‌ಇಬಿಎ. ಸಕಲೇಶಪುರದ ಕಡೆಯಿಂದ ಮಗಳನ್ನು ಕರೆತಂದಿದ್ದ ಸಣ್ಣ ಕಾಫಿ ಬೆಳೆಗಾರರೊಬ್ಬರು ಆ ಪದದ ಮೇಲೆ ಬೆರಳಿಟ್ಟು, “ಸಾರ್, ಹೆಸರಿಗೆ ಒಂದಕ್ಷರ ಸೇರ್ಸಿ ಅದೃಷ್ಟ ಹೇಳ್ತಾರಲ್ಲ, ಇದು ಅದೇನಾ?” ಎಂದು ಕೇಳಿದರು. ಮಗಳಿಗೆ ನಾಚಿಕೆಯಾಯಿತು. ಆದರೆ ಕನ್ನಡವು ಒಂದೇ ಪದವನ್ನು ಎರಡು ಕೆಲಸಕ್ಕೆ ಹಚ್ಚಿರುವುದರಿಂದ ಆ ತಂದೆಯ ಸಂದೇಹ ತೀರ ಸಹಜವಾಗಿಯೇ ಇತ್ತು.

ದಿನಪತ್ರಿಕೆಯ ಭವಿಷ್ಯದ ಪುಟದಲ್ಲಿ ಸಂಖ್ಯಾಶಾಸ್ತ್ರವೆಂದರೆ ಹುಟ್ಟಿದ ತಾರೀಖು, ವಾಹನದ ನಂಬರು, ಹೆಸರಿನ ಅಕ್ಷರಗಳನ್ನು ಕೂಡಿಸಿ ಶುಭಾಶುಭ ಹೇಳುವ ವಿದ್ಯೆ. ಪಿಯುಸಿಯ ಪಠ್ಯಪುಸ್ತಕದ ರಕ್ಷಾಪುಟದ ಮೇಲೆ ಅದೇ ಪದ ಸ್ಟ್ಯಾಟಿಸ್ಟಿಕ್ಸ್ ಎಂಬ ಶಾಸ್ತ್ರದ ಹೆಸರಾಗಿ ಅಚ್ಚಾಗಿರುತ್ತದೆ. ಸರ್ಕಾರವಾದರೋ ತನ್ನ ಕಚೇರಿಗಳಿಗೆ ‘ಸಾಂಖ್ಯಿಕ’ ಎಂಬ ರೂಪವನ್ನು ಆರಿಸಿಕೊಂಡಿದೆ: ಬೆಂಗಳೂರಿನಲ್ಲಿರುವುದು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ, ಜಿಲ್ಲೆಯಲ್ಲಿರುವುದು ಜಿಲ್ಲಾ ಸಾಂಖ್ಯಿಕ ಅಧಿಕಾರಿಯ ಕಚೇರಿ, ಅಲ್ಲಿಂದ ಹೊರಬರುವ ಪುಸ್ತಕ ‘ಜಿಲ್ಲಾ ಅಂಕಿ ಅಂಶಗಳ ನೋಟ’. (ಸಾಂಖ್ಯಿಕವೆಂದೊಡನೆ ಕಪಿಲನ ಸಾಂಖ್ಯದರ್ಶನ ನೆನಪಾಗುವವರೂ ಇದ್ದಾರೆ, ಒಂದು ಗೊಂದಲವನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ.) ಈ ಪದಗಳ ನಡುವೆ ಒಂದು ಉಪಯುಕ್ತ ಅಂತರವನ್ನು ಗಮನಿಸಬೇಕು. ಅಂಕಿಅಂಶವೆಂಬುದು ಸಂಗ್ರಹಿಸಿಟ್ಟ ವಸ್ತು. ಸಂಖ್ಯಾಶಾಸ್ತ್ರವೆಂಬುದು ಆ ವಸ್ತುವನ್ನು ವಿಚಾರಣೆಗೆ ಒಡ್ಡುವ ವಿಧಾನ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಒಂದೇ ಪದವಿದೆ. ಇದೊಂದು ವಿಷಯದಲ್ಲಾದರೂ ಕನ್ನಡದ ವಿದ್ಯಾರ್ಥಿಗೆ ಅನುಕೂಲ ಹೆಚ್ಚು.

ಸ್ಟ್ಯಾಟಿಸ್ಟಿಕ್ಸ್ ಎಂಬ ಆ ಯುರೋಪಿನ ಪದದ ಮೂಲದಲ್ಲಿರುವುದು ಸಂಖ್ಯೆಯಲ್ಲ, ರಾಜ್ಯ. ಜರ್ಮನಿಯ ಗಾಟ್‌ಫ್ರೀಡ್ ಆಖೆನ್‌ವಾಲ್ 1749ರಲ್ಲಿ ‘ಸ್ಟಾಟಿಸ್ಟಿಕ್’ ಎಂಬ ಪದವನ್ನು ಬಳಸಿದಾಗ ಅದಕ್ಕೆ ರಾಜ್ಯಗಳ ಸ್ಥಿತಿಗತಿಯ ವಿವರಣೆ ಎಂಬ ಅರ್ಥವಷ್ಟೇ ಇತ್ತು. ಅರಸನಿಗೆ ಎಷ್ಟು ಮನೆ, ಎಷ್ಟು ಹೊಲ, ಎಷ್ಟು ದನ ಎಂಬುದು ತಿಳಿದಿರಬೇಕೆಂಬ ಕಾಳಜಿ ನಮ್ಮಲ್ಲಿಯೂ ಹಳೆಯದೇ: ಐದೋ ಹತ್ತೋ ಹಳ್ಳಿಗಳಿಗೆ ಒಬ್ಬ ‘ಗೋಪ’ನಿದ್ದು ಇವನ್ನೆಲ್ಲ ಬರೆದಿಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಅದು ಎಣಿಕೆ. ಕಾಲೇಜಿನಲ್ಲಿ ಎರಡು ವರ್ಷ ಕಲಿಯುವ ವಿಷಯ ಎಣಿಕೆಯಿಂದ ಆರಂಭವಾದರೂ ಅಲ್ಲಿಯೇ ನಿಲ್ಲುವುದಿಲ್ಲ. ಎಣಿಸಲಾಗದ ಕಡೆ ಏನು ಮಾಡಬೇಕೆಂಬುದೇ ಅದರ ಮುಖ್ಯ ಪ್ರಶ್ನೆ. ಈ ಹೆಜ್ಜೆಗೆ ನಮ್ಮ ಭಾಷೆಯಲ್ಲಿ ‘ಅನುಮಾನ’ ಎಂಬ ಒಳ್ಳೆಯ ಪದವೊಂದಿದೆ. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ತಿಳಿಯುವುದು. ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ಕಂಡದ್ದರಿಂದ ಕಾಣದ್ದನ್ನು ಊಹಿಸುವುದು, ಹಾಗೆ ಊಹಿಸಿದ್ದನ್ನು ಎಷ್ಟರ ಮಟ್ಟಿಗೆ ಸಂಶಯಿಸಬೇಕೆಂದು ಅಳೆಯುವುದು, ಇವೆರಡೂ ಕೂಡಿದ್ದೇ ಸಂಖ್ಯಾಶಾಸ್ತ್ರ.

ಸೆಬಾ ವಿದ್ಯಾರ್ಥಿಯ ಚೀಲದಲ್ಲಿ ಲೆಕ್ಕಶಾಸ್ತ್ರದ ಪುಸ್ತಕ ಪಕ್ಕದಲ್ಲಿಯೇ ಇರುವುದರಿಂದ ಈ ವ್ಯತ್ಯಾಸ ಬೇಗ ಮನದಟ್ಟಾಗುತ್ತದೆ. ಲೆಕ್ಕಶಾಸ್ತ್ರದಲ್ಲಿ ತಾಳೆಪಟ್ಟಿಯ ಎರಡು ಬದಿಗಳಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಅದು ಎಲ್ಲಿ ತಪ್ಪಿತೆಂದು ಹಿಂದಿನ ನಮೂದುಗಳನ್ನೆಲ್ಲ ಹುಡುಕಿಕೊಂಡು ಹೋಗಬೇಕು. ಸಂಖ್ಯಾಶಾಸ್ತ್ರದಲ್ಲಿ ಹೆಚ್ಚುಕಡಿಮೆ ಆಗಿಯೇ ಆಗುತ್ತದೆಂದು ಮೊದಲೇ ಒಪ್ಪಿಕೊಂಡು, ಎಷ್ಟು ಆಗಬಹುದೆಂಬುದನ್ನು ಉತ್ತರದ ಜೊತೆಗೆ ಹೇಳಬೇಕು. ಮೊದಲ ಪುಸ್ತಕದಲ್ಲಿ ಜಾಣರೆನಿಸಿಕೊಂಡ ಎಷ್ಟೋ ಮಕ್ಕಳು ಎರಡನೆಯದರಲ್ಲಿ ತಡವರಿಸುವುದನ್ನು ಕಂಡಿದ್ದೇನೆ. ಅವರಿಗೆ ಲೆಕ್ಕ ಬರುತ್ತದೆ. ಸರಿಯುತ್ತರಕ್ಕೂ ಒಂದು ಅಗಲವಿರುತ್ತದೆಂಬುದು ಒಗ್ಗುವುದಿಲ್ಲ.

ಇಷ್ಟನ್ನು ನಾನು ಸ್ವಲ್ಪ ಸರಳವಾಗಿ ಹೇಳುವಷ್ಟರಲ್ಲಿ ಆ ಬೆಳೆಗಾರರು, “ಓಟಿ ತೆಗೆಯೋದು ಅನ್ನಿ” ಎಂದರು. ಅದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಪಾಠದಲ್ಲಿ ಕೊಟ್ಟಿರಲಿಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ವ್ಯಾಪಾರದಲ್ಲಿ ಓಟಿ ಎಂದರೆ ಔಟ್‌ಟರ್ನ್: 50 ಕಿಲೋ ಒಣಗಿದ ಚೆರ್ರಿಯ, ಅಂದರೆ ಇಡೀ ಕಾಫಿ ಹಣ್ಣಿನ, ಚೀಲದಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕಿಲೋ ಬೀಜ ಸಿಗುತ್ತದೆಂಬ ಅಂಕಿ. ಲೋಡಿನಲ್ಲಿ ನೂರು ಚೀಲವಿದ್ದರೆ ನೂರನ್ನೂ ಸುಲಿದು ನೋಡಿ ಬೆಲೆ ಕಟ್ಟುವುದು ಆಗದ ಮಾತು. ವ್ಯಾಪಾರಿ ಕೆಲವು ಚೀಲಗಳಿಗೆ ಮೊನೆಯಿರುವ ಕೊಳವೆಯನ್ನು ಚುಚ್ಚಿ ಹಿಡಿಹಿಡಿಯಾಗಿ ಕಾಫಿ ಎಳೆದು, ಒಂದು ತಟ್ಟೆಯಲ್ಲಿ ಬೆರೆಸಿ, ತೂಗಿ, ಸಣ್ಣ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಹೊಟ್ಟನ್ನು ಊದಿ, ಉಳಿದ ಬೀಜವನ್ನು ಮತ್ತೆ ತೂಗುತ್ತಾನೆ. ಬೆಳೆಗಾರನ ಕಣ್ಣು ಆಗ ತಕ್ಕಡಿಯ ಮುಳ್ಳಿನ ಮೇಲೋ ಪರದೆಯ ಅಂಕಿಯ ಮೇಲೋ ನೆಟ್ಟಿರುತ್ತದೆ. ಬೀಜ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡರೆ, ಓಟಿ 26 ಬಂದಾಗ ಚೀಲಕ್ಕೆ 10,400 ರೂಪಾಯಿ, 25 ಬಂದಾಗ 10,000 ರೂಪಾಯಿ. ನೂರು ಚೀಲಕ್ಕೆ ಒಂದು ಓಟಿಯ ವ್ಯತ್ಯಾಸ 40,000 ರೂಪಾಯಿ. ಒಂದು ತಟ್ಟೆ ಕಾಫಿಯ ಮೇಲೆ ಇಷ್ಟು ಹಣ ನಿಂತಿದೆ.

ಪಠ್ಯದ ಭಾಷೆಯಲ್ಲಿ ಆ ನೂರು ಚೀಲಗಳು ‘ಸಮಷ್ಟಿ’, ತಟ್ಟೆಯಲ್ಲಿರುವುದು ‘ಮಾದರಿ’. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿದರೆ ಸಾಕು ಎಂಬ ಮಾತನ್ನು ಇಲ್ಲಿ ಹೇಳುವ ರೂಢಿಯಿದೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಕುದಿಯಲ್ಲಿ ಬೆಂದದ್ದರಿಂದ ಒಂದಗುಳು ಇಡೀ ಪಾತ್ರೆಯ ಪರವಾಗಿ ಸಾಕ್ಷಿ ನುಡಿಯಬಲ್ಲದು. ಕಾಫಿಯ ಚೀಲಗಳು ಹಾಗಿರುವುದಿಲ್ಲ. ಮೊದಲ ಕೊಯ್ಲಿನದು ಒಂದು ಚೀಲ, ನೆಲಕ್ಕುದುರಿದ್ದನ್ನು ಆಯ್ದದ್ದು ಇನ್ನೊಂದು, ಸರಿಯಾಗಿ ಒಣಗದೆ ತೇವ ಉಳಿದದ್ದು ಮತ್ತೊಂದು. ಕೈಗೆ ಸುಲಭವಾಗಿ ಎಟುಕುವ ಮೇಲಿನ ಸಾಲಿನಿಂದಲೇ ಎಳೆದರೆ ತಟ್ಟೆ ಆ ಮೇಲಿನ ಸಾಲಿನ ಕತೆಯನ್ನಷ್ಟೇ ಹೇಳುತ್ತದೆ. ಪ್ರತಿ ಚೀಲಕ್ಕೂ ಆಯ್ಕೆಯಾಗುವ ಸಮಾನ ಅವಕಾಶವಿರಬೇಕೆಂಬ ಯಾದೃಚ್ಛಿಕ ಆಯ್ಕೆಯ ನಿಯಮ ಹುಟ್ಟಿರುವುದು ಇಂಥ ಕಾರಣಕ್ಕೆ.

ಚಿಕ್ಕ ಮಾದರಿಯ ಮೇಲೆ ಎಷ್ಟು ಭಾರ ಹಾಕಬಹುದೆಂಬ ಪ್ರಶ್ನೆಗೆ ಉತ್ತರ ಬಂದದ್ದೂ ವ್ಯಾಪಾರದ ಅಂಗಳದಿಂದಲೇ. ಡಬ್ಲಿನ್‌ನ ಗಿನ್ನೆಸ್ ಬಿಯರ್ ತಯಾರಿಕೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್, ಕೆಲವೇ ಅಳತೆಗಳಿಂದ ತೀರ್ಮಾನಕ್ಕೆ ಬರಬೇಕಾದ ಅಗತ್ಯವನ್ನು ಎದುರಿಸಿ, 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನದಿಂದ ಇಂದಿನ ಟಿ-ಪರೀಕ್ಷೆ ಬೆಳೆಯಿತು. ನಮ್ಮವರೇ ಆದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಪಕ್ಷಪಾತವಿಲ್ಲದ ಅಂದಾಜೊಂದರ ಏರಿಳಿತವನ್ನು ಎಷ್ಟೇ ಜಾಣತನದಿಂದಲೂ ಒಂದು ಮಿತಿಗಿಂತ ಕೆಳಗೆ ಇಳಿಸಲಾಗದೆಂದು ಅವರು 1945ರ ಪ್ರಬಂಧದಲ್ಲಿ ತೋರಿಸಿದರು. ಕ್ರಾಮರ್–ರಾವ್ ಮಿತಿ ಎಂದು ಅದಕ್ಕೆ ಹೆಸರು. ತಟ್ಟೆಯಲ್ಲಿ ಇಷ್ಟು ಕಾಫಿಯಿದ್ದರೆ ಇಷ್ಟಕ್ಕಿಂತ ಖಚಿತವಾಗಿ ಯಾರೂ ಹೇಳಲಾರರು ಎಂಬುದನ್ನೂ ಗಣಿತದಿಂದ ಸಾಧಿಸಬಹುದೆಂಬುದು ನನಗೆ ಇಂದಿಗೂ ಸೋಜಿಗದ ವಿಷಯ.

ಓಟಿಯ ಉದಾಹರಣೆಯನ್ನೇ ಇನ್ನೊಂದು ಹೆಜ್ಜೆ ಮುಂದೊಯ್ಯಬಹುದು. ಒಂದು ಲೋಡಿನಿಂದ ಐದು ಸಲ ತೆಗೆದ ಓಟಿ 24, 25, 26, 27, 28. ಇನ್ನೊಂದರದು 25, 26, 26, 26, 27 ಎಂದುಕೊಳ್ಳೋಣ. ಎರಡರ ಸರಾಸರಿಯೂ 26. ಸರಾಸರಿಯಿಂದ ಪ್ರತಿಯೊಂದು ಎಷ್ಟು ದೂರವಿದೆಯೆಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿಸಿ, ಐದರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮೊದಲನೆಯದಕ್ಕೆ ಸುಮಾರು 1.41, ಎರಡನೆಯದಕ್ಕೆ ಸುಮಾರು 0.63 ಬರುತ್ತದೆ. ಇದಕ್ಕೆ ಮಾನಕ ವಿಚಲನೆ ಎಂದು ಹೆಸರು. ಬೆಲೆ ಕಟ್ಟುವವನು ಎರಡನೆಯ ಲೋಡಿಗೆ ಧೈರ್ಯವಾಗಿ ಮಾತು ಕೊಡುತ್ತಾನೆ, ಮೊದಲನೆಯದಕ್ಕೆ ಇನ್ನೊಂದು ತಟ್ಟೆ ತೆಗೆಯೋಣ ಎನ್ನುತ್ತಾನೆ. ಸರಾಸರಿಯೊಂದೇ ಈ ಏರಿಳಿತವನ್ನು ತೋರಿಸುವುದಿಲ್ಲ; ಹಾಸನ ಜಿಲ್ಲೆಯ ಸರಾಸರಿ ಮಳೆ ಎಂಬ ಅಂಕಿಗೂ ಇದೇ ಕೊರತೆಯಿದೆ. ಸಕಲೇಶಪುರದಲ್ಲಿ ಅರಸೀಕೆರೆಗಿಂತ ಹಲವು ಪಟ್ಟು ಮಳೆಯಾಗುವುದರಿಂದ ಆ ಸರಾಸರಿಯಷ್ಟು ಮಳೆ ಈ ಎರಡು ಊರುಗಳಲ್ಲಿ ಯಾವುದರಲ್ಲೂ ಬೀಳುವುದಿಲ್ಲ.

ಮಾದರಿ ಎಂಬ ಪದದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹಾಸನದ ಎಪಿಎಂಸಿ ಧಾರಣೆಯಲ್ಲಿ ಆಲೂಗೆಡ್ಡೆಗೆ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಬೆಲೆಗಳು ಕಾಣುತ್ತವೆ. ಅಲ್ಲಿನ ‘ಮಾದರಿ’ ತಟ್ಟೆಯಲ್ಲಿನ ಮಾದರಿಯಲ್ಲ, ಅನುಕರಣೆಗೆ ಯೋಗ್ಯವಾದ ಮಾದರಿಯೂ ಅಲ್ಲ. ಅತಿ ಹೆಚ್ಚು ಮಾಲು ಯಾವ ಬೆಲೆಗೆ ಮಾರಾಟವಾಯಿತೋ ಆ ಬೆಲೆ ಅದು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಮಕ್ಕಳು ಬಹುಲಕವೆಂದು ಕಲಿತಿರುವುದು ಇದನ್ನೇ. ಕ್ವಿಂಟಲಿಗೆ ಕನಿಷ್ಠ 800, ಗರಿಷ್ಠ 2,400, ಮಾದರಿ 1,300 ಎಂದು ಒಂದು ದಿನ ಬರೆದಿದೆಯೆಂದು ಭಾವಿಸಿ. ಎರಡು ತುದಿಗಳನ್ನು ಕೂಡಿಸಿ ಅರ್ಧ ಮಾಡಿದವನು 1,600ರ ಆಸೆ ಹೊತ್ತು ಗಾಡಿ ತುಂಬುತ್ತಾನೆ. ಬಹುಲಕವನ್ನು ಓದಿದವನಿಗೆ ತನ್ನಂಥವರ ಗೆಡ್ಡೆ ಹೋಗುತ್ತಿರುವುದು 1,300ರ ಆಸುಪಾಸಿನಲ್ಲಿ ಎಂಬುದು ಗೊತ್ತಿರುತ್ತದೆ. ಆ ಫಲಕದಲ್ಲಿ ‘ಬಹುಲಕ ಬೆಲೆ’ ಎಂದೇ ಬರೆದಿದ್ದರೆ ರೈತರಿಗೆ ಹೊಸ ಪದವಾಗುತ್ತಿತ್ತು, ಆದರೆ ತಪ್ಪು ಅರ್ಥವಾಗುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಎರಡು ವರ್ಷಗಳ ಪಠ್ಯ ಸಾಗುವ ಕ್ರಮ ಹೀಗೆ: ಮೊದಲ ವರ್ಷದಲ್ಲಿ ಅಂಕಿಅಂಶಗಳ ಸಂಗ್ರಹ, ವರ್ಗೀಕರಣ, ಸರಾಸರಿಗಳು, ವಿಚಲನೆ, ಸಹಸಂಬಂಧ, ಸಂಭವನೀಯತೆ; ಎರಡನೆಯ ವರ್ಷದಲ್ಲಿ ಜನನ ಮರಣ ದರಗಳು, ಬೆಲೆ ಸೂಚ್ಯಂಕ, ಕಾಲಶ್ರೇಣಿ, ಅನುಮಾನ, ಗುಣಮಟ್ಟ ನಿಯಂತ್ರಣ. ಪಿಯುಸಿ ಪದವಿಯಲ್ಲ, ಹೆಸರೇ ಹೇಳುವಂತೆ ಪದವಿಗೆ ಪೂರ್ವದ್ದು. ವ್ಯವಹಾರವನ್ನೂ ಸಂಖ್ಯಾಶಾಸ್ತ್ರವನ್ನೂ ಒಟ್ಟಿಗೆ ಓದುವ ಅವಕಾಶ ಮುಂದೆ ಪದವಿಯ ನಂತರ ಎಂ.ಕಾಂ. ಅಥವಾ ಎಂಬಿಎಯಲ್ಲೂ ಬರುತ್ತದೆ. ಹಾಸನದವರಿಗೆ ಎಂ.ಕಾಂ. ಓದಲು ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಆವರಣ ಹತ್ತಿರದಲ್ಲಿಯೇ ಇದೆ.

ತಂದೆಯ ಪ್ರಶ್ನೆ ಮುಗಿದ ಮೇಲೆ ಮಗಳು ತನ್ನದನ್ನು ಕೇಳಿದಳು: “ಗಣಿತ ತುಂಬಾ ಬೇಕಾ ಸಾರ್?” ಪಿಯುಸಿಯ ಸಂಖ್ಯಾಶಾಸ್ತ್ರಕ್ಕೆ ಎಸ್‌ಎಸ್‌ಎಲ್‌ಸಿ ಗಣಿತ ಗಟ್ಟಿಯಾಗಿದ್ದರೆ ಸಾಕೆಂದೂ, ಬಿ.ಕಾಂ.ಗೆ ಹೋಗುವುದಾದರೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆಂದೂ, ಮುಂದೆ ಸಂಖ್ಯಾಶಾಸ್ತ್ರವನ್ನೇ ಮುಖ್ಯವಾಗಿ ಓದುವ ಮನಸ್ಸಿದ್ದರೆ ಆ ಹಂತದಲ್ಲಿ ಅದು ಸಾಮಾನ್ಯವಾಗಿ ಗಣಿತದ ಜೊತೆಯಲ್ಲಿಯೇ ಬರುವುದರಿಂದ ಈಗಲೇ ಗಣಿತವಿರುವ ಕಾಂಬಿನೇಷನ್ ಯಾವ ಕಾಲೇಜಿನಲ್ಲಿದೆಯೆಂದು ವಿಚಾರಿಸುವುದು ಒಳ್ಳೆಯದೆಂದೂ ಹೇಳಿದೆ. ಅವಳು ಅರ್ಜಿಯನ್ನು ಮಡಚಿಟ್ಟುಕೊಂಡು, ನಾಳೆ ಬರುತ್ತೇನೆಂದಳು.